ಬದರಿನಾಥರಿಗೆ ಸಿಕ್ಕ ತಾಯಿ

ನಾನು ಕೆಲಸಕ್ಕಿದ್ದ ಕಂಪನಿ ಮೌಂಟ್ ರೋಡಿನಲ್ಲಿತ್ತು. ಕೊಯಮತ್ತೂರಿನಲ್ಲಿ ತಯಾರಾಗುತ್ತಿದ್ದ ಕರೆಂಟಿನ ರುಬ್ಬುವ ಯಂತ್ರಗಳನ್ನು ಮದರಾಸಿನ ಹೋಟೆಲುಗಳಿಗೆ ಮಾರುವುದು ನಮ್ಮ ಉದ್ಯೋಗ. ಮಾರುವುದು ಎಂಬುದು ಬಾಯಿಮಾತು. ೧೯೬೧ರಲ್ಲಿ ನಾನು ಸೇರಿದಾಗ ಅದರ ಹಿಂದಿನ ಎಂಟು ತಿಂಗಳಲ್ಲಿ ಎರಡು ಯಂತ್ರ ಹೋಗಿದ್ದವು, ಅವುಗಳಲ್ಲಿ ಒಂದು ವಾಪಸು ಬಂದಿತ್ತು. ಹಿಟ್ಟು ಬಿಸಿಯಾಗಿ ಇಡ್ಲಿ ಕಲ್ಲಾಗುತ್ತದೆ ಎಂದು ಹೋಟೆಲಿನವರು ಅದನ್ನು ಕೈಗಾಡಿಯ ಮೇಲೆ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋಗಿದ್ದರು.

ಮಾರಾಟದ ಮ್ಯಾನೇಜರು ಬದರಿನಾಥರು. ನಮ್ಮ ಹಾಗೆಯೇ ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಮಾಧ್ವರು. ಅವರಿಗೆ ಸ್ವಂತ ಮನೆ, ಕಾರು, ಅಡಿಗೆಗೆ ಇಬ್ಬರು ಇದ್ದರು. ನಮಗೆ ಒಂದೂವರೆ ಕೋಣೆ ಇತ್ತು. ನಾನು ಅವರ ಸ್ಟೆನೋ. ಅವರು ಹೇಳಿದ್ದನ್ನು ಬರೆದುಕೊಂಡು ಟೈಪು ಮಾಡುವುದು ನನ್ನ ಕೆಲಸ. ಅವರು ಹೇಳುತ್ತಿದ್ದುದರ ಬಗ್ಗೆ ನನಗೆ ಯಾವ ಅಭಿಪ್ರಾಯವೂ ಇರಬಾರದೆಂಬುದು ಸಂಬಳದಲ್ಲೇ ಸೇರಿತ್ತು.

ಆ ವರ್ಷ ಕಂಪನಿ ಅವರನ್ನು ಮಾರಾಟದ ಕಲೆ ಕಲಿಯಲೆಂದು ಬೊಂಬಾಯಿಗೆ ಕಳಿಸಿತು. ಹತ್ತು ದಿನದ ಕ್ಲಾಸು. ಹೋಗುವಾಗ ಸಾಧಾರಣ ದಡ್ಡರಾಗಿದ್ದವರು ಬರುವಾಗ ಸರ್ಟಿಫಿಕೇಟು ಪಡೆದ ದಡ್ಡರಾಗಿ ಬಂದರು. ಮೊದಲ ದಿನವೇ ಎಲ್ಲರನ್ನೂ ಕೂಡಿಸಿ, "ಗಿರಾಕಿಗೆ ಯಂತ್ರ ಬೇಡಪ್ಪ, ಕಥೆ ಬೇಕು. ಬೆಲೆ, ಹಾರ್ಸ್ ಪವರು ಇವೆಲ್ಲ ತಲೆಗೆ ಹೋಗತ್ತೆ. ಕಥೆ ಹೃದಯಕ್ಕೆ ಹೋಗತ್ತೆ. ಜೇಬು ಇರೋದು ಹೃದಯದ ಪಕ್ಕದಲ್ಲಿ" ಎಂದು ಅಂಗಿಯ ಜೇಬನ್ನು ತಟ್ಟಿ ತೋರಿಸಿದರು. ಅದೂ ಬೊಂಬಾಯಿಯಲ್ಲಿ ಯಾರೋ ತಟ್ಟಿ ತೋರಿಸಿದ್ದೇ ಇರಬೇಕು.

ಅವರು ಹೇಳಿ ಬರೆಸಿದ ಮೊದಲ ಕಥೆಯಲ್ಲಿ ಒಂದು ಕಾಡು, ಆ ಕಾಡಿನಲ್ಲೊಂದು ಮುದಿ ಸಿಂಹ, ಅದಕ್ಕೆ ಹಲ್ಲಿಲ್ಲ. ಒಂದು ಚತುರ ನರಿ ಬಂದು ಅದಕ್ಕೆ ಆಹಾರ ಅರೆದು ಕೊಡುವ ಯಂತ್ರ ತಂದುಕೊಟ್ಟಿತು. ಇಂಗ್ಲಿಷಿನಲ್ಲಿ ಎರಡು ಪುಟ. ಅದನ್ನು ನೂರೈವತ್ತು ಹೋಟೆಲುಗಳಿಗೆ ಕಳಿಸಿದೆವು. ಬಂದ ಉತ್ತರ ಒಂದೇ ಒಂದು, ಕನ್ನಡದಲ್ಲಿ ಬರೆದ ಕಾರ್ಡು: "ಸಿಂಹ ಎಷ್ಟು ಹಾರ್ಸ್ ಪವರಿನದು, ತಿಳಿಸುವುದು." ಬದರಿನಾಥರು ಅದನ್ನು ಎರಡು ಸಲ ಓದಿ, "ಆಸಕ್ತಿ ಹುಟ್ಟಿದೆ" ಎಂದರು.

ಆಮೇಲಿನ ವಾರ ನಡೆದದ್ದಕ್ಕೆ ನಾನೂ ಕಾರಣಳು. ಊಟದ ಹೊತ್ತಿನಲ್ಲಿ ಟೆಲಿಫೋನ್ ಬೋರ್ಡಿನ ಚಂದ್ರಮತಿ ಮತ್ತು ನಾನು ಡಬ್ಬಿ ಬಿಚ್ಚಿ ಕೂತಿದ್ದೆವು. ನಿಮ್ಮಮ್ಮ ಯಾಕೆ ಯಾವಾಗಲೂ ಎಡಗೈಯಲ್ಲಿ ಬೀಗ ತೆಗೆಯುತ್ತಾರೆ ಎಂದು ಅವಳು ಕೇಳಿದಳು. ನಮ್ಮ ಮನೆಗೆ ಬಂದಾಗ ನೋಡಿದ್ದಳಂತೆ. ನಾನು ಹೇಳಿದೆ. ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ತೇರಡಿ ಬೀದಿಯ ಒಂದು ಹೋಟೆಲಿಗೂ ಮೂರು ಮನೆಗಳಿಗೂ ಇಡ್ಲಿ ಹಿಟ್ಟು ರುಬ್ಬಿಕೊಡುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಒರಳಿನ ಗುಂಡು ಬಲಗೈ ಮೇಲೆ ಬಿತ್ತು. ಉಂಗುರದ ಬೆರಳು, ಕಿರುಬೆರಳು ಜಜ್ಜಿ ಹೋದವು. ಈಗಲೂ ಮಡಚುವುದಿಲ್ಲ. ನಾನು ಹೇಳಿದ್ದು ಇಷ್ಟೇ.

ಬದರಿನಾಥರು ಬಾಗಿಲ ಹತ್ತಿರದ ಹೂಜಿಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದರು. ಲೋಟ ತುಂಬಿ ಹೊರಚೆಲ್ಲಿದರೂ ಬಗ್ಗಿಸುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದು, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಶುರು ಮಾಡಿದರು: "ಪ್ರಿಯ ಮಹಾಶಯರೇ, ನಾನು ಇದನ್ನು ವ್ಯಾಪಾರಿಯಾಗಿ ಬರೆಯುತ್ತಿಲ್ಲ, ಒಬ್ಬ ಮಗನಾಗಿ ಬರೆಯುತ್ತಿದ್ದೇನೆ. ನನ್ನ ತಾಯಿ..."

ನನ್ನ ಪೆನ್ಸಿಲು ನಿಂತಿತು. ಅವರು ಮುಂದುವರಿಸಿದರು. ಅವರ ತಾಯಿ ಬಡ ವಿಧವೆ, ಹಿಟ್ಟು ರುಬ್ಬಿ ಮಗನನ್ನು ಓದಿಸಿದಳು, ರುಬ್ಬುತ್ತಿದ್ದಾಗ ಗುಂಡುಕಲ್ಲು ಹಾರಿ ಬಂದು ಕೈಯನ್ನು ಪುಡಿ ಮಾಡಿತು, ಆ ನೋವಿನಲ್ಲೇ ಕೊರಗಿ ಹೋದ ವರ್ಷ ಪ್ರಾಣ ಬಿಟ್ಟಳು, ಬಿಡುವಾಗ "ಮಗನೇ, ಇನ್ನು ಯಾವ ತಾಯಿಯೂ ರುಬ್ಬಬಾರದು" ಎಂದಳು.

"ಸಾರ್, ಇದು..." ಎಂದೆ.

"ಏನಮ್ಮ?"

"ಇದು ನಮ್ಮಮ್ಮನ ವಿಷಯ, ಸಾರ್."

ಅವರು ಕಣ್ಣು ತೆರೆದರು. ಮುಖದಲ್ಲಿ ನಾಚಿಕೆ ಇರಲಿಲ್ಲ, ಪಾಠ ಹೇಳುವವರ ತಾಳ್ಮೆ ಇತ್ತು. "ನೋಡು ಜಯಲಕ್ಷ್ಮೀ, ಕಥೆ ಯಾರ ಅಪ್ಪನ ಸ್ವತ್ತೂ ಅಲ್ಲ. ನೀನು ಹೇಳಿದ್ದು ಬರೀ ಸಮಾಚಾರ. ಅದಕ್ಕೆ ಕೊನೆ ಎಲ್ಲಿತ್ತು? ಬೆರಳು ಮಡಚಲ್ಲ ಅಂದರೆ ಅದು ಕೊನೆಯಾ? ನಾನು ಅದಕ್ಕೊಂದು ಕೊನೆ ಕೊಟ್ಟೆ."

ಹಾಗೆ ನಮ್ಮಮ್ಮನನ್ನು ಕೊಂದು ಕಥೆಗೆ ಕೊನೆ ಕೊಟ್ಟರು. ನಾನು ಟೈಪು ಮಾಡಿದೆ. ಯಾಕೆ ಮಾಡಿದೆ ಎಂದರೆ ಉತ್ತರ ಸುಲಭ: ಮನೆಗೆ ಬರುತ್ತಿದ್ದ ಸಂಬಳ ನನ್ನದೊಂದೇ. ಬದರಿನಾಥರ ಬಗ್ಗೆ ನನಗಿದ್ದ ತಿರಸ್ಕಾರದಲ್ಲಿ ಒಂದು ಪಾಲನ್ನು ಆವತ್ತು ನನಗಾಗಿಯೂ ತೆಗೆದಿಟ್ಟುಕೊಂಡೆ.

ಈ ಕಾಗದ ಸಿಂಹದ ಹಾಗೆ ಬಿದ್ದುಹೋಗಲಿಲ್ಲ. ಯಂತ್ರ ಕೊಳ್ಳುತ್ತೇವೆಂದು ಯಾರೂ ಬರೆಯಲಿಲ್ಲ, ನಿಜ, ಆದರೆ ಒಂಬತ್ತು ಮಂದಿ ಸಂತಾಪ ಸೂಚಿಸಿ ಬರೆದರು. ಬದರಿನಾಥರು ಅವನ್ನೆಲ್ಲ ಒಂದು ಫೈಲಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು. ಒಂದು ಪ್ರತಿ ಕೊಯಮತ್ತೂರಿಗೂ ಹೋಯಿತು. ಕಾರ್ಖಾನೆಯ ಮಾಲೀಕರು, ಎಲ್ಲರ ಬಾಯಲ್ಲೂ ಮುದಲಾಳಿ, ಹಳೆಯ ಕಾಲದ ಮನುಷ್ಯ. ಕಾಗದ ಓದಿ ಕರಗಿ, ಮದರಾಸಿಗೆ ಬಂದಾಗ ನೇರ ನಮ್ಮ ಆಫೀಸಿಗೇ ಬಂದರು. ಬದರಿನಾಥರ ಎರಡು ಕೈಗಳನ್ನೂ ಹಿಡಿದುಕೊಂಡು, ತಾಯಿಯಿಲ್ಲದ ಮನೆ ಮನೆಯೇ ಅಲ್ಲಪ್ಪ ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ಬದರಿನಾಥರು ತಲೆ ಬಗ್ಗಿಸಿ ನಿಂತಿದ್ದರು. ನಾನು ಪಕ್ಕದಲ್ಲಿ ನೋಟುಪುಸ್ತಕ ಹಿಡಿದುಕೊಂಡಿದ್ದೆ.

ಆಗ ಬಾಗಿಲು ತಳ್ಳಿಕೊಂಡು ಅಮ್ಮಣ್ಣಿಯವರು ಒಳಗೆ ಬಂದರು. ಬದರಿನಾಥರ ತಾಯಿ. ಗಟ್ಟಿಮುಟ್ಟಾದ ಹೆಂಗಸು, ಎರಡು ಕೈಯಲ್ಲೂ ಚಿನ್ನದ ಬಳೆ, ಹತ್ತೂ ಬೆರಳು ನೆಟ್ಟಗೆ. ಮಗ ಮನೆಯಲ್ಲಿ ಬಿಟ್ಟು ಬಂದ ಕನ್ನಡಕವನ್ನು ಸೀರೆ ಅಂಗಡಿಗೆ ಹೋಗುವ ದಾರಿಯಲ್ಲಿ ಕೊಟ್ಟುಹೋಗಲು ಬಂದಿದ್ದರು.

ಮುದಲಾಳಿ ಕೈ ಮುಗಿದು, ಇವರು ಯಾರು ಎಂಬಂತೆ ಬದರಿನಾಥರ ಮುಖ ನೋಡಿದರು.

"ಎನ್ ಚಿತ್ತಿ, ಸಾರ್," ಎಂದರು ಬದರಿನಾಥರು.

ನನ್ನ ಚಿಕ್ಕಮ್ಮ! ಅಮ್ಮಣ್ಣಿಯವರು ಮದರಾಸಿನಲ್ಲೇ ಹುಟ್ಟಿ ಬೆಳೆದವರು, ಮನೆಯವರಿಗಿಂತ ಹೆಚ್ಚಾಗಿ ತರಕಾರಿಯವಳ ಹತ್ತಿರ ತಮಿಳಿನಲ್ಲಿ ಮಾತಾಡಿದವರು. ಅವರಿಗೆ ಚಿತ್ತಿ ಎಂದರೆ ಏನೆಂದು ಗೊತ್ತಿಲ್ಲದೆ ಇರುತ್ತದೆಯೇ? ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಕನ್ನಡದಲ್ಲಿ, ಬಹಳ ಮೆತ್ತಗೆ, "ಚಿತ್ತಿ ಬಂದಿದ್ದಳು ಅಂತ ನಿಮ್ಮಮ್ಮನಿಗೆ ಹೇಳಪ್ಪ" ಎಂದು ಹೇಳಿ ಹೊರಟುಹೋದರು. ಮುದಲಾಳಿಗೆ ಕನ್ನಡ ಬರುತ್ತಿರಲಿಲ್ಲ. ಚಿಕ್ಕಮ್ಮನಿಗೂ ಎಷ್ಟು ಅಕ್ಕರೆ ಎಂದು ಅವರು ಮೆಚ್ಚಿಕೊಂಡರು. ಬದರಿನಾಥರು ಕುಡಿಯಲು ನೀರು ಕೇಳಿದರು. ನಾನು ತಂದುಕೊಡಲಿಲ್ಲ, ಚಂದ್ರಮತಿ ತಂದುಕೊಟ್ಟಳು.

ಇಷ್ಟಾದರೂ ಅವರು ಆ ಕಥೆ ಬಿಡಲಿಲ್ಲ. ನುಂಗಂಬಾಕ್ಕಂನಲ್ಲಿ ಐತಪ್ಪ ಎಂಬವರ ಹೋಟೆಲಿತ್ತು. ಉಡುಪಿ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. ಆ ಸುತ್ತಿನ ಹೋಟೆಲಿನವರೆಲ್ಲ ಐತಪ್ಪನವರು ಏನು ಮಾಡುತ್ತಾರೆಂದು ನೋಡಿಕೊಂಡು ತಾವೂ ಮಾಡುವವರು. ಅವರು ಯಂತ್ರ ನೋಡಲು ಒಪ್ಪಿದರು. ನಾವು ಯಂತ್ರವನ್ನು ಲಾರಿಯಲ್ಲಿ ಕಳಿಸಿ, ಹಿಂದೆಯೇ ಕಾರಿನಲ್ಲಿ ಹೋದೆವು. ಗಿರಾಕಿ ಏನೇನು ಕೇಳುತ್ತಾರೋ ಬರೆದುಕೊಳ್ಳಲು ನನ್ನನ್ನು ಕರೆದುಕೊಂಡು ಹೋಗಿದ್ದರು.

ಅಡಿಗೆಮನೆಯ ಹಿಂದಿನ ಅಂಗಳದಲ್ಲಿ ಸಾಲಾಗಿ ಮೂರು ಒರಳು. ನಡುವಿನ ಒರಳಿನಲ್ಲಿ ಮೋನಪ್ಪ ಎಂಬಾತ ಉದ್ದು ರುಬ್ಬುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸವಂತೆ. ಅವನ ಬಲಭುಜ ಎಡಭುಜಕ್ಕಿಂತ ಎತ್ತರವಾಗಿತ್ತು. ಯಂತ್ರವನ್ನು ನೋಡಿ ರುಬ್ಬುವುದನ್ನು ನಿಲ್ಲಿಸಿದ. ಐತಪ್ಪನವರು ಒಂದು ಮರದ ಸ್ಟೂಲಿನ ಮೇಲೆ ಕೂತು, "ಹೂಂ, ಹೇಳಿ ಮಾರಾಯ್ರೆ, ಎಂಥದು ಇದು?" ಎಂದರು.

ಬದರಿನಾಥರು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಕರವಸ್ತ್ರ ತೆಗೆದು ತಾಯಿಯ ಕಥೆ ಶುರು ಮಾಡಿದರು. ಗಂಟಲು ಕಟ್ಟಬೇಕಾದಲ್ಲಿ ಕಟ್ಟಿತು, ನಿಲ್ಲಬೇಕಾದಲ್ಲಿ ನಿಂತಿತು. ಬೊಂಬಾಯಿಯವರು ಒಳ್ಳೆಯ ಮೇಷ್ಟ್ರುಗಳಿರಬೇಕು. ದೋಸೆ ಹುಯ್ಯುವವನೊಬ್ಬ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡ.

ಐತಪ್ಪನವರು ಕಣ್ಣೊರೆಸಿಕೊಳ್ಳಲಿಲ್ಲ. "ಯಾವ ಬೆರಳು?" ಎಂದು ಕೇಳಿದರು.

"ಸಾರ್?"

"ಕೈ ಮೇಲೆ ಬಿತ್ತು ಅಂದ್ರಲ್ಲ. ಯಾವ ಬೆರಳಿಗೆ ಪೆಟ್ಟಾದ್ದು?"

"ಎಲ್ಲಾ... ಇಡೀ ಕೈಯೇ ಹೋಯಿತು. ರುಬ್ಬುತ್ತಾ ಇದ್ದ ಹಾಗೇ ಗುಂಡು ಹಾರಿ ಬಂತು."

ಮೋನಪ್ಪ ನಕ್ಕ. ಐತಪ್ಪನವರು ನಗಲಿಲ್ಲ. "ಹಾರಿ ಬರ್ಲಿಕ್ಕೆ ಅದೆಂಥ ಕೊಕ್ಕರೆಯಾ? ಕಡೆಯುವಾಗ ಗುಂಡು ಕುಳಿಯೊಳಗೆ ಕೂತಿರ್ತದೆ. ನಾನು ಈ ಊರಿಗೆ ಬಂದದ್ದು ಕಡೆಯುವ ಕೆಲಸಕ್ಕೆ, ಗೊತ್ತುಂಟಾ ನಿಮಗೆ? ಹದಿಮೂರು ವರ್ಷ ಕಡೆದಿದ್ದೇನೆ. ನೀವು ಒರಳನ್ನು ಹತ್ತಿರದಿಂದ ನೋಡಿದ್ದು ಇವತ್ತೇ ಮೊದಲಲ್ವಾ?"

ಬದರಿನಾಥರು ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ತೊಳೆಯುವುದಕ್ಕೆ ಎತ್ತುವಾಗ ಬೀಳುತ್ತೆ," ಎಂದೆ ನಾನು. ಹೇಳಬೇಕೆಂದು ಹೇಳಿದ್ದಲ್ಲ. ತಪ್ಪಾಗಿ ಹೇಳುತ್ತಿರುವುದನ್ನು ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತು.

ಐತಪ್ಪನವರು ನನ್ನ ಕಡೆ ತಿರುಗಿದರು. "ನಿನಗೆ ಹೇಗೆ ಗೊತ್ತು ಮಗಾ?"

"ಬಿದ್ದಿದ್ದು ನಮ್ಮಮ್ಮನ ಕೈ ಮೇಲೆ. ಉದ್ದಿನ ಹಿಟ್ಟು ತೆಗೆದಾದ ಮೇಲೆ ಗುಂಡೆತ್ತಿ ಪಕ್ಕಕ್ಕಿಡಬೇಕು. ಹಿಟ್ಟಿನ ಲೋಳೆಗೆ ಜಾರಿತು. ಒರಳಿನ ಅಂಚಿಗೂ ಗುಂಡಿಗೂ ನಡುವೆ ಈ ಎರಡು ಬೆರಳು ಸಿಕ್ಕಿಕೊಂಡವು. ಅಮ್ಮ ಸತ್ತಿಲ್ಲ, ಮನೇಲಿದ್ದಾಳೆ."

ಮೋನಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿದ. ಅವನ ಹೆಬ್ಬೆರಳಿಗೆ ಉಗುರಿರಲಿಲ್ಲ. "ನನಗೂ ಲೋಳೆಯಲ್ಲೇ ಜಾರಿದ್ದು," ಎಂದ.

"ಈ ಯಂತ್ರ ಹೇಗೆ? ನೀನೇ ಹೇಳು," ಎಂದರು ಐತಪ್ಪನವರು.

ಬದರಿನಾಥರು ನನ್ನತ್ತ ಕಣ್ಣು ಬಿಟ್ಟರು. ಆದರೂ ಹೇಳಿದೆ. ಒಂದು ಯಂತ್ರ ವಾಪಸು ಬಂದದ್ದನ್ನು ಹೇಳಿದೆ. ಬಿಡದೆ ಓಡಿಸಿದರೆ ಹಿಟ್ಟು ಬಿಸಿಯಾಗುವುದು ನಿಜ, ಅರ್ಧದಲ್ಲಿ ನಿಲ್ಲಿಸಿ ಆರಲು ಬಿಟ್ಟು, ಮಡಕೆಯ ತಣ್ಣೀರು ಹಾಕಿಕೊಂಡು ರುಬ್ಬಿದರೆ ಆಗುವುದಿಲ್ಲವೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾನೆ, ನಾನು ಕಣ್ಣಾರೆ ನೋಡಿಲ್ಲ ಎಂದೂ ಹೇಳಿದೆ.

"ನನಗೆ ಮತ್ತೆ ಕೆಲಸ?" ಎಂದ ಮೋನಪ್ಪ. ಅವನು ಕೇಳಿದ್ದು ಧಣಿಯನ್ನಲ್ಲ, ನನ್ನನ್ನು. ಅದು ನನಗೆ ಗೊತ್ತಿಲ್ಲವೆಂದೇ ಹೇಳಿದೆ.

ಐತಪ್ಪನವರು ಸ್ಟೂಲಿನಿಂದ ಎದ್ದರು. "ಒಂದು ತಿಂಗಳು ಇಲ್ಲಿರಲಿ. ಮೋನಪ್ಪನೇ ಓಡಿಸ್ತಾನೆ. ಹಿಟ್ಟು ಹಾಳಾದ್ರೆ ನಿಮ್ಮ ಗಾಡಿಯಲ್ಲೇ ವಾಪಸು. ಆಗಬಹುದಾ?" ಆಮೇಲೆ ಬದರಿನಾಥರಿಗೆ, "ನಿಮ್ಮ ಅಮ್ಮ ಇದ್ದಾರಾ?" ಎಂದು ಕೇಳಿದರು.

"ಇದ್ದಾರೆ," ಎಂದರು ಬದರಿನಾಥರು. ಆ ವರ್ಷ ಅವರ ಬಾಯಿಂದ ಬಂದ ನಿಜ ಅದೊಂದೇ ಎಂದು ನನ್ನ ನಂಬಿಕೆ.

ಅವರಿಗೆ ಅವಮಾನವಾಗಿರಬೇಕೆಂದು ನೀವು ಅಂದುಕೊಂಡರೆ ಬದರಿನಾಥರಂಥವರನ್ನು ನೀವು ಕಂಡಿಲ್ಲ. ಕಾರು ರಸ್ತೆಯ ತಿರುವು ದಾಟುವಷ್ಟರಲ್ಲಿ, "ನೋಡಿದೆಯಾ ಕಥೆಯ ಶಕ್ತಿ! ಮೊದಲು ಗಿರಾಕಿಗೆ ಒಂದು ತಪ್ಪು ಹಿಡಿಯೋದಕ್ಕೆ ಬಿಡಬೇಕು. ಆಮೇಲೆ ನಮ್ಮವರೇ ಒಬ್ಬರು ಸರಿ ಮಾಡಬೇಕು. ಇದು ಬೊಂಬಾಯಿಯವರಿಗೂ ಹೊಳೆದಿಲ್ಲ" ಎಂದರು. ಮರುದಿನ ಕಾಗದವನ್ನು ತಿದ್ದಿ ಮತ್ತೆ ಬರೆಸಿದರು. "ರುಬ್ಬುತ್ತಿದ್ದಾಗ" ಎಂಬುದು "ತೊಳೆಯಲು ಎತ್ತುವಾಗ" ಎಂದಾಯಿತು. ತಾಯಿ ಈ ಸಲವೂ ಸತ್ತಳು.

ಆವತ್ತು ಸಂಜೆ ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ನಾನು ಟೈಪು ಮಾಡಿದ್ದನ್ನೂ ಸೇರಿಸಿ. ಅಮ್ಮ ಎಡಗೈಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು. ಬದರಿನಾಥರು ತನ್ನನ್ನು ಸಾಯಿಸಿದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ. "ಅವನು ಬಿಡು, ಗಾಳೀಲಿ ಬಂದದ್ದು ಗಾಳೀಲಿ ಹೋಗತ್ತೆ," ಎಂದಳು. "ನೀನು ಏನೇ ಹೇಳಿದ್ದು, ಆ ಹೋಟೆಲಿನವರಿಗೆ?"

"ನಡೆದದ್ದನ್ನ."

"ಏನು ನಡೀತು? ಕಲ್ಲು ಬಿತ್ತು, ಪಾಪ, ಬೆರಳು ಹೋಯ್ತು. ಅಷ್ಟೇನಾ? ಆಮೇಲೆ ನಾಲ್ಕು ವರ್ಷ ಎಡಗೈಯಲ್ಲಿ ರುಬ್ಬಿದೆನಲ್ಲ, ಅದನ್ನ ಹೇಳಿದೆಯಾ? ನೀನು ಆ ಶಾರ್ಟ್‌ಹ್ಯಾಂಡ್ ಪರೀಕ್ಷೆ ಕಟ್ಟೋವರೆಗೂ. ಬಲಗೈಯಲ್ಲಿ ರುಬ್ಬಿದ್ದಕ್ಕಿಂತ ನುಣ್ಣಗಿರತ್ತೆ ರಮಾಬಾಯೀ ಅಂತ ಆ ಹೋಟೆಲಿನೋರು ಹೇಳ್ತಿದ್ದರು. ಅದು ಯಾರಿಗೂ ಬೇಡ. ನಿಮಗೆಲ್ಲ ಕಲ್ಲು ಬೀಳೋದು ಮಾತ್ರ ಬೇಕು."

ನಾನು ತಲೆ ತಗ್ಗಿಸಿದೆ. ಬದರಿನಾಥರು ಅಮ್ಮನ ಪ್ರಾಣ ತೆಗೆದಿದ್ದರು. ನಾನು ತೆಗೆದದ್ದು ಆ ನಾಲ್ಕು ವರ್ಷ. ಯಾವುದು ದೊಡ್ಡ ಕಳವು ಎಂದು ಹೇಳುವುದು ನನಗೆ ಆಗ ಕಷ್ಟವಾಯಿತು, ಈಗಲೂ ಕಷ್ಟವೇ.

ತಿಂಗಳು ಮುಗಿದಾಗ ಐತಪ್ಪನವರು ಯಂತ್ರವನ್ನು ವಾಪಸು ಕಳಿಸಲಿಲ್ಲ. ಮೊದಲ ಮೂರು ದಿನ ಇಡ್ಲಿ ಗಟ್ಟಿಯಾಗಿತ್ತಂತೆ. ಅಕ್ಕಿಯನ್ನೂ ಉದ್ದನ್ನೂ ಬೇರೆ ಬೇರೆ ರುಬ್ಬಿ, ನಡುವೆ ಎಷ್ಟು ಹೊತ್ತು ನಿಲ್ಲಿಸಬೇಕೆಂದು ಕಂಡುಹಿಡಿದವನು ಮೋನಪ್ಪ. ಬೇರೆ ಹೋಟೆಲಿನವರು ಅವನನ್ನೇ ಬಂದು ಕೇಳತೊಡಗಿದ್ದರು. ಪಕ್ಕದ ಒರಳುಗಳಲ್ಲಿ ರುಬ್ಬುತ್ತಿದ್ದ ಇಬ್ಬರಲ್ಲಿ ಒಬ್ಬನನ್ನು ಬಡಿಸಲು ಹಾಕಿದರು, ಇನ್ನೊಬ್ಬ ಊರಿಗೆ ಹೋದ. ಇದನ್ನೂ ಹೇಳಲೇಬೇಕು.

ಅಷ್ಟರಲ್ಲಿ ಬದರಿನಾಥರಿಗೆ ಬಡ್ತಿಯಾಯಿತು. ತಾಯಿಯ ಕಾಗದವನ್ನು ಮರೆಯದ ಮುದಲಾಳಿ ಅವರನ್ನು ಕೊಯಮತ್ತೂರಿಗೆ ಕರೆಸಿಕೊಂಡು, ಎಲ್ಲ ಊರುಗಳ ಮಾರಾಟದವರಿಗೂ ಕಥೆ ಹೇಳುವುದನ್ನು ಕಲಿಸುವ ಕೆಲಸ ಕೊಟ್ಟರು. ಅಮ್ಮಣ್ಣಿಯವರು ಜೊತೆಗೆ ಹೋಗಲಿಲ್ಲ. ಅಲ್ಲಿಗೆ ಹೋದರೆ ಮತ್ತೆ ಚಿತ್ತಿಯಾಗಬೇಕಲ್ಲ.

ಹೊಸ ಮ್ಯಾನೇಜರು ಬರುವ ತನಕ ಕಾಗದ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಇಂಗ್ಲಿಷು ಬಿಟ್ಟು, ಕನ್ನಡದಲ್ಲಿ, ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಲ್ಲೇ ಕೊರೆದು ಒಂದು ಕಾಗದ ಬರೆದೆ. ಐತಪ್ಪನವರನ್ನೂ ಮೋನಪ್ಪನನ್ನೂ ಕೇಳಿಯೇ ಅವರ ಹೆಸರು ಹಾಕಿದೆ. ಗಟ್ಟಿಯಾದ ಮೂರು ದಿನದ ಇಡ್ಲಿ, ನಾಲ್ಕನೆಯ ದಿನ ಮೋನಪ್ಪ ಏನು ಮಾಡಿದ, ಎಷ್ಟು ಸೇರಿಗೆ ಎಷ್ಟು ನಿಮಿಷ ಎಂಬುದನ್ನು ನಡೆದ ಕ್ರಮದಲ್ಲೇ ಬರೆದೆ. ಕೊನೆಗೆ ಅಮ್ಮನನ್ನು ಕೇಳಿದೆ: "ನಿನ್ನ ವಿಷಯ ಬರೆಯಲಾ?"

"ಬರಿ. ಹೆಸರು ಹಾಕು. ಎಡಗೈ ನಾಲ್ಕು ವರ್ಷ ಅನ್ನೋದನ್ನ ಹಾಕು. ಬೆರಳು ಒಂದು ಸಾಲಿನಲ್ಲಿ ಸಾಕು."

ಹಾಗೆಯೇ ಬರೆದೆ. ಆ ಕಾಗದಕ್ಕೆ ಹನ್ನೊಂದು ಹೋಟೆಲಿನವರು ಯಂತ್ರ ನೋಡಲು ಬಂದರು, ಏಳು ಮಂದಿ ಕೊಂಡರು. ಹೊಸ ಮ್ಯಾನೇಜರು ಬಂದ ಮೇಲೆ ಅದು ಅವರ ಕಾಗದವಾಯಿತು. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಪಲ್ಲಾವರದ ಒಬ್ಬ ಹೋಟೆಲು ಮಾಲೀಕರು ಬರೆದ ಉತ್ತರ. ಯಂತ್ರದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಎಡಗೈಯಲ್ಲಿ ಅಷ್ಟು ನುಣ್ಣಗೆ ರುಬ್ಬುವ ಆ ರಮಾಬಾಯಿಯವರು ತಮ್ಮ ಹೋಟೆಲಿಗೆ ಕೆಲಸಕ್ಕೆ ಸಿಗುತ್ತಾರೆಯೇ, ಊಟ ವಸತಿ ಕೊಡಲಾಗುವುದು ಎಂದು ಬರೆದಿದ್ದರು.

ಓದಿ ಹೇಳಿದೆ. ಅಮ್ಮ ಜೋರಾಗಿ ನಕ್ಕಳು. ನಗು ನಿಂತ ಮೇಲೆ ಸೆರಗಿನಿಂದ ಬಾಯೊರೆಸಿಕೊಂಡು, "ಬರೋಲ್ಲ ಅಂತ ಬರೆದು ಹಾಕು. ಕೇಳಿದ್ದಕ್ಕೆ ಸಂತೋಷ ಅಂತಲೂ ಬರಿ" ಎಂದಳು.